ಹೊಗೆಗೂ ಬೊಜ್ಜಿಗೂ ಎಲ್ಲಿಯ ನಂಟು?

ಉಸಿರಾಡಿದರೂ ಮೈ ದಪ್ಪವಾಗುತ್ತದಂತೆ ಎಂಬ ಧಾಟಿಯ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ಪಕ್ಕದಲ್ಲಿ ಮಬ್ಬು ಕವಿದ ದೆಹಲಿಯ ಚಿತ್ರ. ಓದಿದವರಲ್ಲಿ ಅರ್ಧ ಜನ ನಕ್ಕು ಪುಟ ಮಗುಚುತ್ತಾರೆ, ಉಳಿದರ್ಧ ಜನ ತಟ್ಟೆಯಲ್ಲಿರುವುದರ ಹೊಣೆಯನ್ನೆಲ್ಲ ಗಾಳಿಯ ಮೇಲೆ ಹಾಕಿ ನಿರಾಳರಾಗುತ್ತಾರೆ. ಇಬ್ಬರೂ ದಾರಿ ತಪ್ಪಿದ್ದಾರೆ. ಸಂಶೋಧನೆ ಹೇಳುತ್ತಿರುವ ಮಾತು ಇದಕ್ಕಿಂತ ಸಣ್ಣದು, ಆದರೆ ಇದಕ್ಕಿಂತ ಗಂಭೀರವಾದದ್ದು: ತಿಂದ ಅನ್ನವನ್ನು ದೇಹ ಹೇಗೆ ಬಳಸಿಕೊಳ್ಳುತ್ತದೆ, ಉಳಿದದ್ದನ್ನು ಎಲ್ಲಿ ಕೂಡಿಡುತ್ತದೆ ಎಂಬುದರಲ್ಲಿ ಹೊಗೆಗೂ ಒಂದು ಪಾಲಿರಬಹುದು. ಆ ಪಾಲು ಎಷ್ಟು ಎಂದು ಅಳೆಯುವ ಕೆಲಸ ದೊಡ್ಡ ನಗರಗಳಲ್ಲೇ ಹೆಚ್ಚು ನಡೆದಿದೆ. ಕೋಲಾರ ಜಿಲ್ಲೆಯ ಮುಳಬಾಗಿಲಿನಂಥ ಊರುಗಳು ಈ ನಕ್ಷೆಯಲ್ಲಿ ಕಾಣಿಸುವುದೇ ಅಪರೂಪ.

ಹೊಗೆಗೆ ಇಲ್ಲೇನೂ ಬರವಿಲ್ಲ. ಮದ್ರಾಸು ರಸ್ತೆ ಎಂದು ಹಳಬರು ಕರೆಯುವ ರಾಷ್ಟ್ರೀಯ ಹೆದ್ದಾರಿ 75 ಮುಳಬಾಗಿಲನ್ನು ಮುಟ್ಟಿ ನಂಗಲಿಯ ಕಡೆಯಿಂದ ಆಂಧ್ರಕ್ಕೆ ಇಳಿಯುತ್ತದೆ. ಹಗಲೂ ರಾತ್ರಿ ಲಾರಿಗಳ ಓಡಾಟ. ಮಾಲೂರಿನಲ್ಲಿ ಹೆಂಚು, ಇಟ್ಟಿಗೆಯ ಗೂಡುಗಳು. ಟೇಕಲ್ಲಿನಲ್ಲಿ ಕಲ್ಲಿನ ಧೂಳು. ಮನೆಯೊಳಗಿನ ಹೊಗೆಯ ಕಥೆಯೇ ಬೇರೆ. ಗ್ಯಾಸ್ ಬಂದ ಮನೆಯಲ್ಲೂ ಸೌದೆ ಒಲೆ ಪೂರ್ತಿ ಆರಿಲ್ಲ. ಕಾಫಿ, ಸಾರು ಸಿಲಿಂಡರಿನ ಮೇಲೆ ಆಗುತ್ತದೆ. ಮುದ್ದೆಗೆ ಎಸರಿಡುವುದು, ಬಚ್ಚಲ ಹಂಡೆಗೆ ಉರಿ ಹಾಕುವುದು ಮಾತ್ರ ನೀಲಗಿರಿ ಎಲೆ, ಜಾಲಿ ಪುಳ್ಳೆ, ತೆಂಗಿನ ಮಟ್ಟೆಯಿಂದ. ಬೆಳಿಗ್ಗೆ ಐದೂವರೆಗೆ ಬಚ್ಚಲೊಲೆಯ ಮುಂದೆ ಕುಳಿತು ಊದುಗೊಳವೆ ಊದುವ ಹೆಂಗಸಿನ ಮುಖಕ್ಕೂ ಉರಿಗೂ ಇರುವ ಅಂತರ ಒಂದು ಮೊಳ. ಹಸಿ ಪುಳ್ಳೆಯಾದರೆ ಹೊಗೆ ಮೇಲಕ್ಕೆ ಹೋಗದೆ ಅಡ್ಡಡ್ಡವಾಗಿ ಅವಳ ಮುಖಕ್ಕೇ ಬರುತ್ತದೆ. ಅವಳು ಕಣ್ಣು ಮುಚ್ಚಿಕೊಂಡು ಊದುತ್ತಾಳೆ.

ಈ ಪ್ರಶ್ನೆಯ ಹುಟ್ಟು ವಾಯುಮಾಲಿನ್ಯದಲ್ಲಲ್ಲ, ಬೀಡಿ ಸಿಗರೇಟಿನಲ್ಲಿ. ಬಸುರಿನಲ್ಲಿ ಸಿಗರೇಟು ಸೇದಿದ ತಾಯಂದಿರಿಗೆ ಕಡಿಮೆ ತೂಕದ ಮಕ್ಕಳು ಹುಟ್ಟುತ್ತವೆ ಎಂಬುದು ಹಳೆಯ ಸಂಗತಿ. ಅದೇ ಮಕ್ಕಳು ಶಾಲೆಗೆ ಹೋಗುವ ವಯಸ್ಸಿಗೆ ಓರಗೆಯವರಿಗಿಂತ ದಪ್ಪಗಿರುತ್ತಾರೆ ಎಂದು ಯುರೋಪು, ಅಮೆರಿಕದ ಅಧ್ಯಯನಗಳು ಒಂದರ ಹಿಂದೊಂದು ಹೇಳತೊಡಗಿದವು. 2008ರಲ್ಲಿ ಇಂಥ 14 ಅಧ್ಯಯನಗಳನ್ನು, ಒಟ್ಟು 84,000ಕ್ಕೂ ಹೆಚ್ಚು ಮಕ್ಕಳ ಲೆಕ್ಕವನ್ನು ಒಟ್ಟುಗೂಡಿಸಿದಾಗ, ಸೇದುವ ತಾಯಂದಿರ ಮಕ್ಕಳಲ್ಲಿ ಅತಿತೂಕದ ಸಂಭವ ಒಂದೂವರೆ ಪಟ್ಟು ಎಂದು ತಿಳಿಯಿತು. ಚಿಕ್ಕದಾಗಿ ಹುಟ್ಟಿ ದಪ್ಪಗೆ ಬೆಳೆಯುವ ಈ ವಿಚಿತ್ರವೇ ಮುಂದಿನ ಎಲ್ಲಕ್ಕೂ ಬೀಜ. ಅದಕ್ಕೂ ಮೊದಲೇ, 2006ರಲ್ಲಿ ಫ್ರಾನ್ಸಿನ ತಂಡವೊಂದು ಹೊಗೆಯಲ್ಲಿರುವ ಬೆಂಜೋಪೈರೀನ್ ಎಂಬ ವಸ್ತುವನ್ನು ಇಲಿಗಳಿಗೆ ಚುಚ್ಚಿ ನೋಡಿತು. ಕೂಡಿಟ್ಟ ಕೊಬ್ಬನ್ನು ಕರಗಿಸಿ ಖರ್ಚು ಮಾಡುವ ಕ್ರಿಯೆಯೇ ಅವುಗಳಲ್ಲಿ ಕುಂಟಿತ್ತು. ಸೌದೆ, ಡೀಸೆಲ್, ಕಲ್ಲಿದ್ದಲು, ಕಸ, ಏನೇ ಅರೆಬರೆ ಉರಿದರೂ ಬೆಂಜೋಪೈರೀನ್ ಮತ್ತು ಅದರ ದಾಯಾದಿಗಳು ಹುಟ್ಟುತ್ತವೆ.

ಎರಡನೆಯ ಹಂತದ ಮುಖ್ಯ ಕೆಲಸ ನ್ಯೂಯಾರ್ಕಿನದು. ಕೊಲಂಬಿಯಾ ವಿಶ್ವವಿದ್ಯಾಲಯದವರು 1998ರಿಂದ 2006ರವರೆಗೆ ಬ್ರಾಂಕ್ಸ್ ಮತ್ತು ಉತ್ತರ ಮ್ಯಾನ್‌ಹಟನ್ನಿನ ಬಡ ಬಡಾವಣೆಗಳಲ್ಲಿ 702 ಗರ್ಭಿಣಿಯರನ್ನು ಸೇರಿಸಿಕೊಂಡರು. ಅವರಲ್ಲಿ ಯಾರೂ ಸಿಗರೇಟು ಸೇದುವವರಲ್ಲ. ಕೊನೆಯ ತಿಂಗಳುಗಳಲ್ಲಿ ಎರಡು ದಿನ ಗಾಳಿ ಹೀರುವ ಪುಟ್ಟ ಯಂತ್ರವನ್ನು ಬೆನ್ನುಚೀಲದಲ್ಲಿ ಹಾಕಿ ಅವರ ಕೈಗೆ ಕೊಟ್ಟರು. ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಆಂಡ್ರ್ಯೂ ರಂಡಲ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಕಾರ, ಅತಿ ಹೆಚ್ಚು ಹೊಗೆ ಕುಡಿದ ತಾಯಂದಿರ ಮಕ್ಕಳಲ್ಲಿ ಬೊಜ್ಜಿನ ಸಂಭವ ಐದನೇ ವಯಸ್ಸಿಗೆ 1.79 ಪಟ್ಟು, ಏಳಕ್ಕೆ 2.26 ಪಟ್ಟು. ಕ್ಯಾಲಿಫೋರ್ನಿಯಾದಲ್ಲಿ ಮೈಕೆಲ್ ಜೆರೆಟ್ ಅವರ ಗುಂಪು ವಾಹನಗಳ ದಟ್ಟಣೆ ಇರುವ ಕಡೆ ಬೆಳೆದ ಮಕ್ಕಳಲ್ಲಿ ಇಂಥದೇ ಒಲವನ್ನು ಕಂಡಿತು.

ಪ್ರಯೋಗಾಲಯಗಳು ಸುಮ್ಮನಿರಲಿಲ್ಲ. ಒಹಾಯೋದಲ್ಲಿ ಸಂಜಯ್ ರಾಜಗೋಪಾಲನ್, ಚಿಂಗ್‌ಹುವಾ ಸುನ್ ಅವರ ತಂಡ 2009ರಲ್ಲಿ ಕೊಬ್ಬಿನ ಆಹಾರ ತಿನ್ನುವ ಇಲಿಗಳಿಗೆ ದಿನಕ್ಕೆ ಆರು ಗಂಟೆ, ವಾರಕ್ಕೆ ಐದು ದಿನದಂತೆ ಪಿಎಂ 2.5 ಎಂಬ ಅತಿಸೂಕ್ಷ್ಮ ಕಣಗಳಿದ್ದ ಗಾಳಿ ಕುಡಿಸಿತು. ಹೊಟ್ಟೆಯೊಳಗಿನ ಕೊಬ್ಬಿನಲ್ಲಿ ಉರಿಯೂತ ಕಾಣಿಸಿತು, ಇನ್ಸುಲಿನ್ ತನ್ನ ಕೆಲಸ ಮಾಡಲಾರದಾಯಿತು. ಮರುವರ್ಷ ಮರಿ ಇಲಿಗಳಿಗೆ ಹತ್ತು ವಾರ ಇದನ್ನೇ ಮಾಡಿದಾಗ ಮಾಮೂಲಿ ಆಹಾರ ತಿಂದವುಗಳಲ್ಲೂ ಹೊಟ್ಟೆಯ ಕೊಬ್ಬು ಹೆಚ್ಚಿತು. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಬಸುರಿ ಇಲಿಗಳಿಗೆ ಡೀಸೆಲ್ ಹೊಗೆ ಕೊಟ್ಟಾಗ ಏಟು ಬಿದ್ದದ್ದು ಗಂಡು ಮರಿಗಳಿಗೆ. 2016ರ ಬೀಜಿಂಗ್ ಪ್ರಯೋಗದಲ್ಲಿ ಒಂದು ಗುಂಪಿನ ಇಲಿಗಳಿಗೆ ಊರಿನ ಗಾಳಿ, ಇನ್ನೊಂದಕ್ಕೆ ಸೋಸಿದ ಗಾಳಿ. ಊರಿನ ಗಾಳಿ ಕುಡಿದವುಗಳಲ್ಲಿ ಕೆಟ್ಟ ಕೊಲೆಸ್ಟರಾಲು 50 ಶೇಕಡಾ ಹೆಚ್ಚಾಗಿತ್ತು. ಉಸಿರಾಟವೇ ಬೊಜ್ಜು ತರುತ್ತದೆಂಬ ತಲೆಬರಹಗಳಿಗೆ ದಂಡಿಯಾಗಿ ಸರಕು ಒದಗಿಸಿದ್ದು ಈ ಪ್ರಯೋಗ. ಅದರಲ್ಲಿ ನಿಜವಾಗಿ ಮುಖ್ಯವಾದದ್ದು ತೂಕವಲ್ಲ, ಕೊಬ್ಬಿನ ಅಂಗಾಂಶದಲ್ಲಿ ಕಂಡ ಉರಿಯೂತ. ಅದು ಸುದ್ದಿಯಾಗಲಿಲ್ಲ.

ಎಲ್ಲ ಕಡೆಯೂ ಉತ್ತರ ಒಂದೇ ಬಂದಿಲ್ಲ ಎನ್ನುವುದನ್ನು ಮುಚ್ಚಿಡಬಾರದು. ರೋಮ್ ನಗರದ ಮಕ್ಕಳಲ್ಲಿ ನಾಲ್ಕು ಮತ್ತು ಎಂಟನೇ ವಯಸ್ಸಿನಲ್ಲಿ ನೋಡಿದಾಗ ವಾಹನದ ಹೊಗೆಗೂ ಬೊಜ್ಜಿಗೂ ನಂಟು ಸಿಗಲಿಲ್ಲ. ದೊಡ್ಡ ರಸ್ತೆಯ ಪಕ್ಕದಲ್ಲಿ ಬಾಡಿಗೆ ಕಡಿಮೆ, ಅಲ್ಲಿರುವವರು ಬಡವರು. ಆಡಲು ಬಯಲಿಲ್ಲ, ಸಿಗುವ ತಿಂಡಿ ಅಗ್ಗದ್ದು. ಬೊಜ್ಜಿಗೆ ಹೊಗೆ ಕಾರಣವೋ, ಬಡತನ ಕಾರಣವೋ ಎಂದು ಬಿಡಿಸುವುದು ಸುಲಭವಲ್ಲ. ಮನುಷ್ಯರ ಮೇಲಿನ ಅಧ್ಯಯನಗಳಿಂದ ನಂಟು ಇದೆಯೆಂದು ಹೇಳಬಹುದು. ಕಾರಣವೆಂದು ಖಚಿತವಾಗಿ ಹೇಳುವಷ್ಟು ಬಲ ಅವಕ್ಕೆ ಇನ್ನೂ ಬಂದಿಲ್ಲ.

ಹಾಗಿದ್ದರೂ ವಿಷಯವನ್ನು ಬೇರೆ ಕಡೆಯಿಂದ ನೋಡುವ ದಾರಿಯೊಂದು ನಮ್ಮಲ್ಲೇ ತಯಾರಾಗಿತ್ತು. ಅದಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟುಕೊಂಡಿತ್ತು. ಆ ದಾಖಲೆಗಳನ್ನು ಹಿಡಿದು, ಅಲ್ಲೇ ಹುಟ್ಟಿ ದೊಡ್ಡವರಾದ 517 ಮಂದಿಯನ್ನು ಹುಡುಕಿ ಪರೀಕ್ಷೆ ಮಾಡಿದರು. 1996ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಹುಟ್ಟುವಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ತೂಕವಿದ್ದವರಲ್ಲಿ ಹೃದ್ರೋಗ 11 ಶೇಕಡಾ, 3.1 ಕೆಜಿ ಮೀರಿದವರಲ್ಲಿ 3 ಶೇಕಡಾ. ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್ ಸುತ್ತಲಿನ ಆರು ಹಳ್ಳಿಗಳ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳ ಜೊತೆ ಹೋಲಿಸಿದರು. ನಮ್ಮ ಕೂಸುಗಳ ತೂಕ ಸುಮಾರು 800 ಗ್ರಾಂ ಕಡಿಮೆ. ತೋಳು, ಹೊಟ್ಟೆ ಎಲ್ಲ ಚಿಕ್ಕದು. ಬೆನ್ನಿನ ಹಲಗೆಮೂಳೆಯ ಕೆಳಗೆ ಚರ್ಮವನ್ನು ಚಿವುಟಿ ಹಿಡಿದು ಅಳೆದ ಕೊಬ್ಬು ಮಾತ್ರ ಹೆಚ್ಚುಕಡಿಮೆ ಅಷ್ಟೇ. ನೋಡಲು ಸಣಕಲು, ಒಳಗೆ ಕೊಬ್ಬು. ಮೈಸೂರಿನಲ್ಲಿ ಜಿ.ವಿ. ಕೃಷ್ಣವೇಣಿ, ಕ್ಯಾರೊಲಿನ್ ಫಾಲ್ ಮುಂತಾದವರು 1997ರಲ್ಲಿ ಶುರುವಾದ ಪಾರ್ಥೆನಾನ್ ಅಧ್ಯಯನದಲ್ಲಿ ಇದೇ ಲಕ್ಷಣವನ್ನು ಹುಟ್ಟಿನಲ್ಲೂ, ಆಮೇಲಿನ ಬಾಲ್ಯದಲ್ಲೂ ಕಂಡರು.

2004ರಲ್ಲಿ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯಡ್ಕಿನ್ ತಮ್ಮಿಬ್ಬರ ಫೋಟೊವನ್ನೇ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅಂದರೆ ಬಿಎಂಐ, ಇಬ್ಬರಿಗೂ 22.3. ಮೈಕೊಬ್ಬು ಮಾತ್ರ ಯಡ್ಕಿನ್‌ಗೆ 9.1 ಶೇಕಡಾ, ಯಾಜ್ಞಿಕ್‌ಗೆ 21.2. ಭಾರತೀಯರ ಬೊಜ್ಜನ್ನು ತಕ್ಕಡಿಯಿಂದ ಅಳೆಯುವುದು ಎಷ್ಟು ಮೋಸದ್ದೆಂದು ಇದಕ್ಕಿಂತ ಸರಳವಾಗಿ ಇನ್ನಾರೂ ತೋರಿಸಿಲ್ಲ.

ಹೊಗೆಯ ಕಡೆಯಿಂದಲೂ ನಮ್ಮಲ್ಲಿ ಒಂದು ಪರಂಪರೆ ಇದೆ. ಎ.ಕೆ.ಎನ್. ರೆಡ್ಡಿ 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದ 'ಅಸ್ತ್ರ' ತಂಡ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕೂತು ಸೌದೆಯ ಲೆಕ್ಕ ಬರೆಯಿತು, ಹೊಗೆಕೊಳವೆ ಇರುವ ಮೂರು ಪಾತ್ರೆಯ ಅಸ್ತ್ರ ಒಲೆಯನ್ನು ರೂಪಿಸಿತು. ಅವರ ಚಿಂತೆ ಹೆಚ್ಚಾಗಿ ಉರುವಲು ಉಳಿಸುವುದರದು. ಅಡುಗೆ ಮಾಡುವ ಹೆಂಗಸರ ಮೈಮೇಲೆಯೇ ಅಳತೆಯ ಯಂತ್ರ ಕಟ್ಟಿ ಆರೋಗ್ಯದ ಪ್ರಶ್ನೆ ಕೇಳಿದವರು ಅಮೆರಿಕದ ಸಂಶೋಧಕ ಕಿರ್ಕ್ ಸ್ಮಿತ್. 1980ರ ದಶಕದ ಮೊದಲಲ್ಲಿ, ಗುಜರಾತಿನ ಹಳ್ಳಿಗಳಲ್ಲಿ. ಚೆನ್ನೈನ ಶ್ರೀ ರಾಮಚಂದ್ರ ಸಂಸ್ಥೆಯ ಕಲ್ಪನಾ ಬಾಲಕೃಷ್ಣನ್ ಆ ಕೆಲಸವನ್ನು ತಮಿಳುನಾಡಿನ ಅಡುಗೆಮನೆಗಳಿಗೆ ಒಯ್ದು ದಶಕಗಳ ಕಾಲ ಮುಂದುವರಿಸಿದರು. 1,285 ಗರ್ಭಿಣಿಯರನ್ನು ಹಿಂಬಾಲಿಸಿದ ಅವರ 2018ರ ವರದಿಯಂತೆ ಒಂದು ಘನ ಮೀಟರು ಗಾಳಿಯಲ್ಲಿ ಪಿಎಂ 2.5 ಪ್ರತಿ 10 ಮೈಕ್ರೋಗ್ರಾಂ ಏರಿದಂತೆ ಮಗುವಿನ ಹುಟ್ಟುತೂಕ 4 ಗ್ರಾಂ ಇಳಿಯುತ್ತದೆ. ಅವರೂ ಪಾಲುಗೊಂಡ ನಾಲ್ಕು ದೇಶಗಳ ದೊಡ್ಡ ಪ್ರಯೋಗದಲ್ಲಿ 3,200 ಗರ್ಭಿಣಿಯರ ಪೈಕಿ ಅರ್ಧ ಜನಕ್ಕೆ ಪುಕ್ಕಟೆಯಾಗಿ ಗ್ಯಾಸ್ ಕೊಟ್ಟರು. ಅವರು ಕುಡಿದ ಹೊಗೆ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ಮಕ್ಕಳ ಹುಟ್ಟುತೂಕ ಮಾತ್ರ ಲೆಕ್ಕಕ್ಕೆ ಬರುವಷ್ಟು ಏರಲಿಲ್ಲ. 2022ರಲ್ಲಿ ಇದು ಹೊರಬಂದಾಗ ಹಲವರು ಕೈಚೆಲ್ಲಿದರು. ಆದರೆ ಗ್ಯಾಸ್ ಸಿಕ್ಕಾಗ ಅವರಿಗೆ ಆಗಲೇ ಮೂರರಿಂದ ಐದು ತಿಂಗಳು ತುಂಬುತ್ತಿತ್ತು. ಮೇಲಾಗಿ ತೂಕ ಬದಲಾಗದೆ ಮೈಯ ರಚನೆ ಬದಲಾಗಬಹುದು ಎಂಬ ಪುಣೆ, ಮೈಸೂರಿನ ಪಾಠವನ್ನು ಇಲ್ಲಿ ನೆನೆಯಬೇಕಿತ್ತು.

ಅಮೆರಿಕದಲ್ಲಿ 1,654 ಮಧ್ಯವಯಸ್ಸಿನ ಮಹಿಳೆಯರನ್ನು ಎಂಟು ವರ್ಷ ಗಮನಿಸಿ 2022ರಲ್ಲಿ ಬಂದ ವರದಿ ಇದಕ್ಕೆ ಪುಷ್ಟಿ ಕೊಡುತ್ತದೆ. ಕೆಟ್ಟ ಗಾಳಿಯಲ್ಲಿದ್ದವರಲ್ಲಿ ಕೊಬ್ಬು 4.5 ಶೇಕಡಾ, ಅಂದರೆ ಒಂದು ಕೆಜಿಗೂ ತುಸು ಮೇಲೆ, ಹೆಚ್ಚಿತ್ತು. ಮಾಂಸಖಂಡ ಕಡಿಮೆಯಾಗಿತ್ತು. ದೆಹಲಿ ಮತ್ತು ಚೆನ್ನೈನ 12,000ಕ್ಕೂ ಹೆಚ್ಚು ಜನರ ಮೇಲಿನ 2023ರ ಅಧ್ಯಯನ ಬೊಜ್ಜನ್ನು ಬಿಟ್ಟು ಅದರ ನೆಂಟನಾದ ಸಕ್ಕರೆ ಕಾಯಿಲೆಯನ್ನು ನೋಡಿತು: ಪಿಎಂ 2.5 ವಾರ್ಷಿಕ ಸರಾಸರಿ 10 ಮೈಕ್ರೋಗ್ರಾಂ ಏರಿದರೆ ಕಾಯಿಲೆಯ ಸಂಭವ 22 ಶೇಕಡಾ ಹೆಚ್ಚು.

ನಮ್ಮ ಬಯಲುಸೀಮೆಗೆ ತೀರ ಹತ್ತಿರವಾದ ಮಾದರಿ ಎಂದರೆ ಹೈದರಾಬಾದಿನ ಸುತ್ತಲ ಹಳ್ಳಿಗಳದು. 1987ರಿಂದ 1990ರವರೆಗೆ ಅಲ್ಲಿನ ಕೆಲವು ಹಳ್ಳಿಗಳ ಗರ್ಭಿಣಿಯರಿಗೂ ಎಳೆಯ ಮಕ್ಕಳಿಗೂ ಪೂರಕ ಆಹಾರ ಕೊಟ್ಟಿದ್ದರು. ಆ ಮಕ್ಕಳನ್ನು ದೊಡ್ಡವರಾದ ಮೇಲೂ ಬಿಡದೆ ಹಿಂಬಾಲಿಸಿದರು. ಆಮೇಲೆ ಕ್ಯಾಥರಿನ್ ಟೋನ್ ಅವರ ತಂಡ ಅದೇ ಜನರ ಗಾಳಿಯನ್ನು ಅಳೆಯಿತು. ಕೆಲವರಿಗೆ ಮೈಮೇಲೆ ಧರಿಸುವ ಕ್ಯಾಮೆರಾವನ್ನೂ ಕೊಟ್ಟು, ಯಾವ ಹೊತ್ತಿನ ಯಾವ ಕೆಲಸದಿಂದ ಎಷ್ಟು ಹೊಗೆ ಎಂದು ನೋಡಿತು. ಪಿಎಂ 2.5 ಹೆಚ್ಚಿದ್ದ ಕಡೆ ಹೆಂಗಸರ ರಕ್ತದೊತ್ತಡ ಹೆಚ್ಚು, ಜನರ ಕುತ್ತಿಗೆಯ ರಕ್ತನಾಳದ ಗೋಡೆ ದಪ್ಪ, 2020ರ ವರದಿಯಂತೆ ಮೂಳೆಯ ಸಾರವೂ ಕಡಿಮೆ. ಮಹಾನಗರವೂ ಅಲ್ಲದ, ಕಾಡುಹಳ್ಳಿಯೂ ಅಲ್ಲದ ಊರುಗಳಲ್ಲಿ ಇಂಥ ಕೆಲಸ ಸಾಧ್ಯ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಷ್ಟಾದರೂ ಹುಟ್ಟಿನ ದೇಹರಚನೆಯನ್ನು ಅಳೆಯುವವರೂ ಒಲೆಯ ಹೊಗೆಯನ್ನು ಅಳೆಯುವವರೂ ಒಂದೇ ಹಳ್ಳಿಯಲ್ಲಿ ಕೂಡಿ ಕೆಲಸ ಮಾಡಿದ್ದು ಕಡಿಮೆ. ಸೌದೆ ಒಲೆಯ ಮನೆಯವರು ತೆಳ್ಳಗಿರುತ್ತಾರಲ್ಲ ಎಂಬ ಹಗುರ ಆಕ್ಷೇಪ ಅದಕ್ಕೇ ಇನ್ನೂ ಉಳಿದುಕೊಂಡಿದೆ. ಅವರು ತೆಳ್ಳಗಿರುವುದು ಹೊಲದ ದುಡಿಮೆಯಿಂದ, ಅರೆಹೊಟ್ಟೆಯಿಂದ. ಅದೇ ಮನೆಯ ಮಗ ನರಸಾಪುರದ ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕೆ ಸೇರುತ್ತಾನೆ, ಮಗಳು ಅಂಗಡಿಯಲ್ಲಿ ಕೂತು ದುಡಿಯುತ್ತಾಳೆ, ಊಟದಲ್ಲಿ ಎಣ್ಣೆ, ಸಕ್ಕರೆ ಏರುತ್ತದೆ. ತಾಯಿಯ ಹೊಟ್ಟೆಯಲ್ಲಿದ್ದಾಗ ಕುಡಿದ ಹೊಗೆಯ ಲೆಕ್ಕ ಆಗ ತೀರಬೇಕಾಗುತ್ತದೆಯೋ ಎಂಬುದೇ ಪ್ರಶ್ನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಹೆಂಗಸರಲ್ಲಿ ಅತಿತೂಕದವರು 2015–16ರಲ್ಲಿ 23.3 ಶೇಕಡಾ ಇದ್ದವರು 2019–21ಕ್ಕೆ 30.1 ಶೇಕಡಾ. ಬಿಎಂಐ 25ರ ಗೆರೆ ದಾಟಿದವರ ಲೆಕ್ಕ ಮಾತ್ರ ಇದು. ಯಾಜ್ಞಿಕರಂಥ ಮೈಯವರು ಇದರಲ್ಲಿ ಸಿಗುವುದೇ ಇಲ್ಲ.

ಗಾಳಿಯ ಲೆಕ್ಕವೂ ಹೀಗೆಯೇ. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಸೇರಿದ್ದು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ಕೋಲಾರದಲ್ಲಿ ಟಮಕದ ಕೈಗಾರಿಕಾ ಪ್ರದೇಶದಲ್ಲಿ ಮಾಲಿನ್ಯ ಮಂಡಳಿಯ ಅಳತೆ ಕೇಂದ್ರವಿದೆ. ಅದು ಟಮಕದ ಗಾಳಿಯನ್ನು ಹೇಳುತ್ತದೆ, ಮುಳಬಾಗಿಲಿನ ಬಚ್ಚಲೊಲೆಯ ಮುಂದಿನ ಗಾಳಿಯನ್ನಲ್ಲ. ಪಿಎಂ 2.5ಕ್ಕೆ ದೇಶದ ಮಿತಿ ವರ್ಷಕ್ಕೆ ಸರಾಸರಿ 40 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಊದುಗೊಳವೆ ಹಿಡಿದವಳಿಗೆ ಎರಡೂ ದೂರದ ಅಂಕಿಗಳೇ.

ಹೊಗೆಯ ಲೆಕ್ಕವನ್ನೂ ಮೈಯ ಲೆಕ್ಕವನ್ನೂ ಇಲ್ಲೇ ಕೂಡಿಸಿ ನೋಡಲು ಬೇಕಾದ ಸಾಮಗ್ರಿ ಹೆಚ್ಚೇನೂ ಅಲ್ಲ. ತಾಯಿ ಕಾರ್ಡಿನಲ್ಲಿ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ಜೊತೆಗೆ ಯಾವ ಒಲೆಗೆ ಏನು ಉರುವಲು, ಬಚ್ಚಲ ನೀರು ಯಾವುದರಲ್ಲಿ ಕಾಯುತ್ತದೆ ಎಂಬ ಎರಡು ಸಾಲು. ಒಂದಷ್ಟು ಗರ್ಭಿಣಿಯರಿಗೆ ಬೇಸಿಗೆಯಲ್ಲಿ ಎರಡು ದಿನ, ಹಂಡೆ ಹೆಚ್ಚು ಉರಿಯುವ ಚಳಿಗಾಲದಲ್ಲಿ ಎರಡು ದಿನ ಗಾಳಿ ಅಳೆಯುವ ಯಂತ್ರ. ಹೆರಿಗೆ ವಾರ್ಡಿನಲ್ಲಿ ಮಗುವಿನ ಬೆನ್ನಿನ ಚರ್ಮದ ಮಡಿಕೆ ಅಳೆಯುವ ಇಕ್ಕಳ, ಅದನ್ನು ಹಿಡಿಯಲು ಕಲಿತ ಒಬ್ಬ ನರ್ಸು. ತಿಂಗಳು ತಿಂಗಳೂ ತೂಕ ನೋಡುವ ಅಂಗನವಾಡಿಯಲ್ಲಿ, ಮಗುವಿಗೆ ಐದು ತುಂಬುವ ಹೊತ್ತಿಗೆ ಅದೇ ಇಕ್ಕಳದಿಂದ ಮತ್ತೊಂದು ಅಳತೆ.