ಡೋವರ್ ಕೋಟೆಯ ಹ್ಯೂಬರ್ಟ್

ನಾರ್ಫೋಕ್ ಸೀಮೆಯ ಸಾಧಾರಣ ಮನೆತನದ ಹ್ಯೂಬರ್ಟ್ ಡಿ ಬರ್ಗ್ ಇಂಗ್ಲೆಂಡಿನ ಜಾನ್ ದೊರೆಯ ಊಳಿಗದಲ್ಲಿ ಮೇಲೇರಿದವನು. ಫಲೇಸ್ ಕೋಟೆಯಲ್ಲಿ ದೊರೆಯ ಅಣ್ಣನ ಮಗ ಆರ್ಥರ್ ಸೆರೆಯಲ್ಲಿದ್ದಾಗ ಕಾವಲು ಅವನದೇ. ಹುಡುಗನ ಕಣ್ಣು ಕೀಳಿಸಬೇಕೆಂಬ ಅಪ್ಪಣೆಯನ್ನು ಅವನು ನಡೆಸಲಿಲ್ಲವೆಂದು ಅಂದಿನ ಸನ್ಯಾಸಿ ಚರಿತ್ರಕಾರನೊಬ್ಬ ಬರೆದಿಟ್ಟಿದ್ದಾನೆ.

1215ರಲ್ಲಿ ಅವನು ಜಸ್ಟಿಷಿಯರ್ ಆದ. ರಾಜ್ಯದ ನ್ಯಾಯ, ಆಡಳಿತಗಳಲ್ಲಿ ಅರಸನ ನಂತರದ ಸ್ಥಾನ ಅದು. ಮರುವರ್ಷವೇ ಫ್ರಾನ್ಸಿನ ಯುವರಾಜ ಲೂಯಿ ದಂಡೆತ್ತಿ ಬಂದ. ಲಂಡನ್ ಅವನ ವಶವಾಯಿತು, ಬಹುಪಾಲು ಸರದಾರರು ಅವನ ಕಡೆ ಸೇರಿದರು. ಆದರೆ ಹ್ಯೂಬರ್ಟ್ ಕಾಯುತ್ತಿದ್ದ ಡೋವರ್ ಕೋಟೆ ಬಾಗಲಿಲ್ಲ. ಶತ್ರುಗಳು ಉತ್ತರ ದ್ವಾರದ ಬುಡಕ್ಕೆ ಸುರಂಗ ತೋಡಿ ಒಂದು ಬುರುಜನ್ನು ಉರುಳಿಸಿದರು. ಒಳಗಿನವರು ದಿಮ್ಮಿಗಳನ್ನು ಒಟ್ಟಿ ಬಿರುಕು ಮುಚ್ಚಿದರು. ಅಕ್ಟೋಬರಿನಲ್ಲಿ ಜಾನ್ ತೀರಿಕೊಂಡ. ಇನ್ನು ಯಾರಿಗಾಗಿ ಕಾಯುವೆ ಎಂದು ಲೂಯಿ ಕಡೆಯವರು ಕೇಳಿದಾಗ, ಅರಸನಿಗೆ ಮಕ್ಕಳಿದ್ದಾರೆ ಎಂದನಂತೆ ಹ್ಯೂಬರ್ಟ್. ಹೊಸ ದೊರೆ ಮೂರನೆಯ ಹೆನ್ರಿಗೆ ಆಗ ಒಂಬತ್ತು ವರ್ಷ. 1217ರ ಆಗಸ್ಟ್ 24ರಂದು ಸ್ಯಾಂಡ್‌ವಿಚ್ ಬಳಿಯ ಕಡಲಲ್ಲಿ ಫ್ರೆಂಚ್ ಹಡಗುಗಳು ಸೋತವು. ಆ ಕಾಳಗದಲ್ಲೂ ಹ್ಯೂಬರ್ಟ್ ಇದ್ದ. ಲೂಯಿ ಹಿಂದಿರುಗಿದ.

ಎಳೆಯ ದೊರೆಯ ಪರವಾಗಿ ಆಳುತ್ತಿದ್ದ ವಿಲಿಯಂ ಮಾರ್ಷಲ್ ತೀರಿಕೊಂಡ ಮೇಲೆ ರಾಜ್ಯಭಾರ ಕ್ರಮೇಣ ಹ್ಯೂಬರ್ಟ್‌ನ ಕೈಗೆ ಬಂತು. ಸ್ಕಾಟ್ಲೆಂಡಿನ ರಾಜಕುಮಾರಿ ಮಾರ್ಗರೆಟ್ ಮಡದಿಯಾದಳು. 1227ರಲ್ಲಿ ಕೆಂಟಿನ ಅರ್ಲ್ ಪದವಿ ದಕ್ಕಿತು. ಅವನ ಕೈ ಶುದ್ಧವಾಗಿಯೇ ಇತ್ತೆನ್ನಲಾರೆ. 1222ರ ಲಂಡನ್ ಗಲಭೆಯ ಮುಂದಾಳನ್ನು ವಿಚಾರಣೆಯಿಲ್ಲದೆ ಗಲ್ಲಿಗೇರಿಸಿದ್ದು ನ್ಯಾಯಾಧಿಕಾರಿಗೆ ತಕ್ಕ ಕೆಲಸವಲ್ಲ. ಭೂಮಿ, ಕೋಟೆಗಳನ್ನು ಕೂಡಿಹಾಕಿದ್ದಕ್ಕೆ ಹಗೆಗಳೂ ಕೂಡಿಕೊಂಡರು.

1232ರಲ್ಲಿ, ವಿಂಚೆಸ್ಟರಿನ ಬಿಷಪ್ ಪೀಟರ್ ಡಿ ರೋಷ್‌ನ ಮಾತಿಗೆ ಕಿವಿಗೊಟ್ಟ ಹೆನ್ರಿ, ತನ್ನ ಸಿಂಹಾಸನ ಉಳಿಸಿದವನನ್ನೇ ಪದಚ್ಯುತಗೊಳಿಸಿದ. ಪ್ರಾರ್ಥನಾಮಂದಿರದಲ್ಲಿ ಆಶ್ರಯ ಪಡೆದವನನ್ನು ರಾಜಭಟರು ಹೊರಗೆಳೆದರು. ಬೇಡಿ ಹಾಕಲು ಕಮ್ಮಾರನನ್ನು ಕರೆಸಿದರೆ, ಡೋವರನ್ನು ಕಾಪಾಡಿ ಇಂಗ್ಲೆಂಡನ್ನು ಇಂಗ್ಲಿಷರಿಗೆ ಉಳಿಸಿದವನ ಕಾಲಿಗೆ ಕಬ್ಬಿಣ ತೊಡಿಸುವುದಕ್ಕಿಂತ ಸಾಯುವುದೇ ಮೇಲೆಂದು ಅವನು ನಿರಾಕರಿಸಿದನೆಂದು ಚರಿತ್ರಕಾರ ಮ್ಯಾಥ್ಯೂ ಪ್ಯಾರಿಸ್ ಬರೆಯುತ್ತಾನೆ. ಆ ಕಮ್ಮಾರನ ಹೆಸರು ಚರಿತ್ರೆಯಲ್ಲಿಲ್ಲ. ಆದರೂ ಈ ಕಥೆಯಲ್ಲಿ ನನ್ನ ಗೌರವ ಮೊದಲು ಅವನಿಗೇ.

ಧರ್ಮಾಶ್ರಯ ಮುರಿದುದಕ್ಕೆ ಲಂಡನಿನ ಬಿಷಪ್ ಸಿಡಿದೆದ್ದಾಗ ಹ್ಯೂಬರ್ಟ್‌ನನ್ನು ಮಂದಿರಕ್ಕೆ ಮರಳಿಸಿದರು. ಆದರೆ ಸುತ್ತುಗಟ್ಟಿ ಅನ್ನ ತಡೆದು ಮತ್ತೆ ಹಿಡಿದರು. ಡಿವೈಜಸ್ ಕೋಟೆಯ ಸೆರೆಯಿಂದ 1233ರಲ್ಲಿ ಗೆಳೆಯರು ಬಿಡಿಸಿಕೊಂಡು ವೇಲ್ಸ್‌ಗೆ ಒಯ್ದರು. ಮರುವರ್ಷ ದೊರೆ ರಾಜಿಯಾದ. ಜಸ್ಟಿಷಿಯರ್ ಹುದ್ದೆ ಮಾತ್ರ ಮರಳಲಿಲ್ಲ. 1243ರಲ್ಲಿ ಬ್ಯಾನ್‌ಸ್ಟೆಡ್‌ನಲ್ಲಿ ಹ್ಯೂಬರ್ಟ್ ತೀರಿಕೊಂಡ. ಕೆಂಟಿನ ಅರ್ಲ್ ಪದವಿ ಅವನ ಮಗನಿಗೆ ಬರಲಿಲ್ಲ.