ಅರ್ಧದಲ್ಲಿ ಶಾಲೆ ಬಿಡುವ ಮಗುವಿನ ಇಂಗ್ಲಿಷ್

ನಮ್ಮ ಸಭೆಗಳಲ್ಲಿ ಶಿಕ್ಷಣದ ಮಾತು ಬಂದರೆ ಸರ್ ಸಯ್ಯದ್ ಅಹ್ಮದ್ ಖಾನರ ಹೆಸರು ಬಂದೇ ಬರುತ್ತದೆ. ಅವರು 1875ರಲ್ಲಿ ಅಲೀಗಢದಲ್ಲಿ ಶಾಲೆ ತೆರೆದರು, 1877ರಲ್ಲಿ ಕಾಲೇಜಿಗೆ ಅಡಿಗಲ್ಲು ಬಿತ್ತು. ಮುಸ್ಲಿಮರು ಇಂಗ್ಲಿಷ್ ಕಲಿಯಬೇಕೇ ಬೇಡವೇ ಎಂಬ ವಾದಕ್ಕೆ ಅಲ್ಲಿ ಒಂದು ಉತ್ತರ ಸಿಕ್ಕಿತು. ಆದರೆ ಎಳೆಯ ಮಗುವನ್ನು ಆ ಭಾಷೆಯ ಮೆಟ್ಟಿಲು ಹತ್ತಿಸುವುದು ಹೇಗೆ? ಮೊದಲ ವರ್ಷ ಎಷ್ಟು ಪದ, ಎರಡನೆಯ ವರ್ಷ ಎಷ್ಟು ಪದ? ಈ ಪ್ರಶ್ನೆಯನ್ನು ಹಿಡಿದು ಕೆಲಸ ನಡೆದ ಊರು ಬೇರೆ. ಅದು ಢಾಕಾ. ಆ ಇತಿಹಾಸವನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಬಂಗಾಳದಲ್ಲಿ ಮಕ್ಕಳ ಇಂಗ್ಲಿಷ್ ಪುಸ್ತಕಗಳಿಗೆ ಕೊರತೆಯೇನೂ ಇರಲಿಲ್ಲ. ಪ್ಯಾರಿಚರಣ ಸರ್ಕಾರ್ ಎಂಬ ಉಪಾಧ್ಯಾಯರು 1850ರಲ್ಲಿ ಪ್ರಕಟಿಸಿದ ಮೊದಲ ಓದಿನ ಪುಸ್ತಕ ಮನೆಮನೆಗೂ ಹೋಗಿತ್ತು. ರವೀಂದ್ರನಾಥ ಠಾಕೂರರೂ ಬಾಲ್ಯದಲ್ಲಿ ಅವರ ಪುಸ್ತಕಗಳನ್ನೇ ಓದಿದವರು. ಇಂಗ್ಲೆಂಡಿನಿಂದ ಬರುತ್ತಿದ್ದ ರೀಡರುಗಳೂ ಇದ್ದವು. ಆದರೆ ಅವು ಅಲ್ಲಿನ ಮಕ್ಕಳಿಗೆಂದು ಬರೆದವು. ಮನೆಯಲ್ಲಿ ಹುಟ್ಟಿನಿಂದ ಇಂಗ್ಲಿಷ್ ಕೇಳಿದ ಮಗುವಿಗೆ ಓದು ಮಾತ್ರ ಹೊಸದು. ಪದ್ಮಾ ನದಿಯ ದಡದ ರೈತನ ಮಗನಿಗೆ ಅಕ್ಷರವೂ ಹೊಸದು, ಪದವೂ ಹೊಸದು. ಜೊತೆಗೆ ಅಲ್ಲಿನ ಮುಸ್ಲಿಂ ಮಗುವಿಗೆ ಮನೆಯ ಬಂಗಾಳಿ, ಮಕ್ತಬಿನ ಅರಬ್ಬಿ, ಎಷ್ಟೋ ಕಡೆ ಉರ್ದು. 1915ರಲ್ಲಿ ಹೊಸ ಪದ್ಧತಿಯ ಮದ್ರಸಾಗಳು ಬಂದಾಗ ಅಲ್ಲಿಯೂ ಇಂಗ್ಲಿಷ್ ಕಡ್ಡಾಯವಾಯಿತು. ಈ ಸಾಲನ್ನು ಬರೆಯುವಾಗ ನನಗೆ ನನ್ನ ತರಗತಿಯೇ ಕಣ್ಣಿಗೆ ಬರುತ್ತದೆ. ಬಲದಿಂದ ಎಡಕ್ಕೆ ಬರೆಯುವ ಉರ್ದು ಪಿರಿಯಡ್ ಮುಗಿದೊಡನೆ ಎಡದಿಂದ ಬಲಕ್ಕೆ ಹೊರಡುವ ಮಕ್ಕಳು!

ಮೈಕೆಲ್ ವೆಸ್ಟ್ (1888-1973) ಭಾರತೀಯ ಶಿಕ್ಷಣ ಸೇವೆಯ ಅಧಿಕಾರಿ. ಢಾಕಾದ ಉಪಾಧ್ಯಾಯರ ತರಬೇತಿ ಕಾಲೇಜಿನ ಪ್ರಾಂಶುಪಾಲರಾಗಿದ್ದವರು. ಬಂಗಾಳದ ಶಾಲೆಗಳನ್ನು ಪರಿಶೀಲಿಸಿ 1926ರಲ್ಲಿ ದ್ವಿಭಾಷಿಕತೆಯ ಮೇಲೆ ಒಂದು ದೊಡ್ಡ ವರದಿ ಪ್ರಕಟಿಸಿದರು. ಅವರ ಗಮನ ಸೆಳೆದದ್ದು ಮೆಟ್ರಿಕ್ಯುಲೇಷನ್ನಿನಲ್ಲಿ ಪಾಸಾಗುವವರಲ್ಲ, ಅಲ್ಲಿಯವರೆಗೆ ಬರದೇ ಹೋದವರು. ಬಹಳ ಮಕ್ಕಳು ಒಂದೆರಡು ವರ್ಷ ಇಂಗ್ಲಿಷ್ ಕಲಿತು ಶಾಲೆ ಬಿಡುತ್ತಿದ್ದರು. ಪಾಠಕ್ರಮವೆಲ್ಲ ಕೊನೆಯ ಪರೀಕ್ಷೆಗೆ ಕಟ್ಟಿದ್ದರಿಂದ, ಮಧ್ಯೆ ಬಿಟ್ಟವನ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ಇದಕ್ಕೆ ವೆಸ್ಟ್ ಬಳಸಿದ ಮಾತು ಜೀವವಿಮೆಯ ಲೋಕದ್ದು: ‘ಸರೆಂಡರ್ ವ್ಯಾಲ್ಯೂ’. ವಿಮೆ ಸರಿಯೋ ತಪ್ಪೋ ಎಂಬ ಚರ್ಚೆ ಉಲಮಾಗಳಿಗೆ ಬಿಟ್ಟದ್ದು, ಇಲ್ಲಿ ಹೋಲಿಕೆ ಮಾತ್ರ ನೋಡಿ. ಪಾಲಿಸಿಯ ಕಂತನ್ನು ಕೊನೆಯವರೆಗೆ ಕಟ್ಟಲಾಗದೆ ನಡುವೆ ನಿಲ್ಲಿಸಿದವನಿಗೆ ಎಷ್ಟು ವಾಪಸು ಸಿಗುತ್ತದೋ ಅದು ಸರೆಂಡರ್ ವ್ಯಾಲ್ಯೂ. ಮೂರನೆಯ ವರ್ಷ ಶಾಲೆ ಬಿಟ್ಟ ಹುಡುಗನಿಗೆ ಆ ಮೂರು ವರ್ಷದ ಇಂಗ್ಲಿಷಿನಿಂದ ವಾಪಸು ಸಿಕ್ಕಿದ್ದೆಷ್ಟು? ವೆಸ್ಟ್ ಕೇಳಿದ್ದು ಇದನ್ನೇ.

ಅವರ ಉತ್ತರ ‘ನ್ಯೂ ಮೆಥಡ್’ ರೀಡರುಗಳು. ಹಳೆಯ ಪುಸ್ತಕಗಳಲ್ಲಿ ಒಂದು ಪುಟಕ್ಕೆ ಹತ್ತಾರು ಹೊಸ ಪದ ಸುರಿದಿರುತ್ತಿದ್ದವು. ವೆಸ್ಟ್ ಅವನ್ನು ದೂರ ದೂರ ಹರಡಿದರು. ಒಮ್ಮೆ ಬಂದ ಪದ ಮತ್ತೆ ಮತ್ತೆ ಬರುವಂತೆ ಮಾಡಿದರು. ‘ಪ್ಲೈಟ್’, ‘ಐಲ್’ನಂಥ ಪುಸ್ತಕದ ಪದ ತೆಗೆದು ದಿನಬಳಕೆಯ ಪದ ಇಟ್ಟರು. ಯಾವ ಪದ ಮೊದಲು ಎಂಬುದಕ್ಕೆ ಅಮೆರಿಕದ ಥಾರ್ನ್‌ಡೈಕ್ 1921ರಲ್ಲಿ ಎಣಿಸಿ ಕೊಟ್ಟಿದ್ದ 10,000 ಪದಗಳ ಪಟ್ಟಿ ನೆರವಾಯಿತು. ಒಂದೊಂದು ರೀಡರ್ ಮುಗಿದಂತೆ, ಕಲಿತ ಪದಗಳಲ್ಲೇ ಓದಬಹುದಾದ ಪೂರಕ ಕಥೆಪುಸ್ತಕಗಳು. ಅಂದರೆ ಕೆಳಗಿನ ಮೆಟ್ಟಿಲಿನಲ್ಲೇ ನಿಂತ ಮಗುವೂ ಒಂದು ಇಡೀ ಕಥೆಯನ್ನು ತಾನೇ ಓದಿ ಮುಗಿಸಬಹುದು.

ವೆಸ್ಟ್ ಮಾತಿಗಿಂತ ಓದನ್ನು ಮುಂದಿಟ್ಟರು. ಬಂಗಾಳಿಯಲ್ಲಿ ಕಾವ್ಯ ಸಮೃದ್ಧವಾಗಿದೆ, ವಿಜ್ಞಾನ ಮತ್ತು ಕಸುಬಿನ ತಿಳಿವಳಿಕೆಯ ಪುಸ್ತಕ ಕಡಿಮೆ, ಅದಕ್ಕೆ ಇಂಗ್ಲಿಷ್ ಓದಲು ಬಂದರೆ ಸಾಕು ಎಂಬುದು ಅವರ ವಾದ. ಅದೇ ಕಾಲದಲ್ಲಿ ಟೋಕಿಯೋದಲ್ಲಿದ್ದ ಹೆರಾಲ್ಡ್ ಪಾಮರ್ ಮೊದಲು ಕಿವಿ ಮತ್ತು ಬಾಯಿ ಎನ್ನುತ್ತಿದ್ದರು. ವೆಸ್ಟರ ಮಾತು ನನಗೆ ಅರ್ಧ ಮಾತ್ರ ಒಪ್ಪಿಗೆ. ಆಳುವವನು ನಿನಗೆ ಓದು ಸಾಕು, ಮಾತು ಬೇಡ ಎಂದರೆ ಸ್ವಲ್ಪ ಅನುಮಾನ ಬರಲೇಬೇಕು. ಮುಂದೆ ಇಬ್ಬರೂ 1934ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಪದ ಆಯ್ಕೆಯ ಸಮ್ಮೇಳನದಲ್ಲಿ ಸೇರಿದರು. 1935ರಲ್ಲಿ ವೆಸ್ಟ್ ಹೊರತಂದ ನಿಘಂಟು ಸುಮಾರು 24,000 ನಮೂದುಗಳನ್ನು 1,490 ಪದಗಳಲ್ಲೇ ವಿವರಿಸಿತು. 1953ರಲ್ಲಿ ಸುಮಾರು 2,000 ಸಾಮಾನ್ಯ ಪದಗಳ ಪಟ್ಟಿ ಬಂತು. ಇಂದು ಅಂಗಡಿಗಳಲ್ಲಿ ನಿಮ್ಮ ಮಕ್ಕಳಿಗೆ ಕೊಳ್ಳುವ ‘ಲೆವೆಲ್ 1’, ‘ಲೆವೆಲ್ 2’ ಕಥೆಪುಸ್ತಕಗಳ ಮೇಲೆ ಢಾಕಾದ ಆ ಲೆಕ್ಕಾಚಾರದ ಋಣವಿದೆ.

ಈಗ ನಮ್ಮ ನಾಡಿಗೆ ಬರೋಣ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಐದನೆಯ ತರಗತಿಯಿಂದ ಆರಂಭವಾಗುತ್ತಿದ್ದ ಇಂಗ್ಲಿಷ್, 2007-08ರಿಂದ ಒಂದನೆಯ ತರಗತಿಗೆ ಇಳಿಯಿತು. ಆ ಮುಂಚೆಯೂ ಆಮೇಲೂ ಎಷ್ಟು ಚರ್ಚೆ! ಎಲ್ಲವೂ ಯಾವ ತರಗತಿಯಿಂದ ಎಂಬುದರ ಬಗ್ಗೆಯೇ. ನಾಲ್ಕಕ್ಕೆ ಬಿಟ್ಟವನಿಗೆ, ಏಳಕ್ಕೆ ಬಿಟ್ಟವಳಿಗೆ ಏನು ದಕ್ಕಿರಬೇಕು ಎಂದು ಕೇಳಿದವರು ಕಡಿಮೆ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿ-ಕಲಿಯಲ್ಲಿ ಮಗು ತನ್ನ ವೇಗಕ್ಕೆ ತಕ್ಕಂತೆ ಮೆಟ್ಟಿಲು ಹತ್ತುವ ಏರ್ಪಾಡು ಇದೆ, ಅದು ಈ ಚಿಂತನೆಗೆ ಹತ್ತಿರದ್ದು.

ನಮಗೆ ಈ ಪ್ರಶ್ನೆ ಏಕೆ ಮುಖ್ಯ? 2006ರ ಸಾಚಾರ್ ಸಮಿತಿಯ ವರದಿಯನ್ನು ನೋಡಿ. 6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಗೆ ಸೇರಿಯೇ ಇರಲಿಲ್ಲ, ಇಲ್ಲವೇ ಸೇರಿ ಬಿಟ್ಟಿದ್ದರು.

ನನ್ನ ಒಬ್ಬ ವಿದ್ಯಾರ್ಥಿ ಏಳನೆಯ ತರಗತಿ ಮುಗಿಸಿ ಗ್ಯಾರೇಜಿಗೆ ಸೇರಿದ. ತರಗತಿಯಲ್ಲಿ ಇಂಗ್ಲಿಷ್ ಪ್ರಶ್ನೋತ್ತರಗಳನ್ನು ಒಂದು ಅಕ್ಷರ ತಪ್ಪದೆ ಒಪ್ಪಿಸುತ್ತಿದ್ದ, ನಾನೂ ಶಭಾಷ್ ಎನ್ನುತ್ತಿದ್ದೆ. ಒಂದು ವರ್ಷದ ನಂತರ ಒಂದು ಸಣ್ಣ ಡಬ್ಬಿ ಹಿಡಿದು ಶಾಲೆಗೆ ಬಂದ. “ಸರ್, ಇದರ ಮೇಲೆ ಏನು ಬರೆದಿದೆ, ಓದಿ ಹೇಳಿ” ಎಂದ. ಅದರಲ್ಲಿದ್ದದ್ದು ನಾಲ್ಕು ಸಾಲು, ಒಣ ಜಾಗದಲ್ಲಿ ಇಡಿ, ಬೆಂಕಿಯಿಂದ ದೂರವಿಡಿ ಎಂಬಂಥವು. ‘ಡ್ರೈ’, ‘ಫೈರ್’, ‘ಕೀಪ್’ ಮೂರೂ ಮೊದಲ ಸಾವಿರ ಪದಗಳೊಳಗೆ ಬರಬೇಕಾದವು. ಅವನ ಏಳು ವರ್ಷದ ಸರೆಂಡರ್ ವ್ಯಾಲ್ಯೂ ಎಷ್ಟೆಂದು ಅಂದು ನನಗೆ ಗೊತ್ತಾಯಿತು.

ಅಂದಿನಿಂದ ತರಗತಿಯ ಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇಟ್ಟಿದ್ದೇನೆ. ಮಕ್ಕಳು ಮನೆಯಿಂದ ಔಷಧಿಯ ಖಾಲಿ ಪಟ್ಟಿ, ಬಸ್ ಟಿಕೆಟ್, ಬಿಸ್ಕೆಟ್ ಪೊಟ್ಟಣ, ರಸಗೊಬ್ಬರದ ಚೀಲದ ತುಂಡು ತಂದು ಹಾಕುತ್ತಾರೆ. ಶನಿವಾರದ ಕೊನೆಯ ಪಿರಿಯಡ್‌ನಲ್ಲಿ ಪೆಟ್ಟಿಗೆ ತೆರೆದು ಅದನ್ನೇ ಓದುತ್ತೇವೆ.