ಅಮೆರಿಕದ ಹಬ್ಬದೂಟ: ಯಾರ ಜಮೆ, ಯಾರ ಖಾತೆ?



ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಅಮೆರಿಕದಲ್ಲಿ ದೊಡ್ಡ ಹಬ್ಬ. ಥ್ಯಾಂಕ್ಸ್‌ಗಿವಿಂಗ್ ಎಂದು ಅದರ ಹೆಸರು. ಬೆಳೆ ಕೈಗೆ ಬಂದುದಕ್ಕೆ, ವರ್ಷ ಸುಖವಾಗಿ ಕಳೆದುದಕ್ಕೆ ಕೃತಜ್ಞತೆ ಹೇಳಿ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣುವ ದಿನ. ನಿಮಗೆ ನಮ್ಮ ಹೊಸ ಅಕ್ಕಿ ಊಟ ನೆನಪಾದರೆ ತಪ್ಪಿಲ್ಲ. ನಿಮ್ಮಲ್ಲಿ ಕೆಲವರ ಮಕ್ಕಳು, ಮೊಮ್ಮಕ್ಕಳು ಆ ದೇಶದಲ್ಲಿದ್ದಾರೆ. ಆ ವಾರ ಫೋನು ಮಾಡಿದರೆ ಅವರ ಬಾಯಲ್ಲಿ ಒಂದೇ ಮಾತು: ಈ ಸಲ ಏನು ಅಡುಗೆ, ಯಾರು ಏನು ತರುವುದು. ಆ ಊಟದ ಚರಿತ್ರೆಯನ್ನು ಇವತ್ತು ಸ್ವಲ್ಪ ಬಿಡಿಸಿ ನೋಡೋಣ. ಬ್ಯಾಂಕಿನ ಲೆಡ್ಜರಿನ ಮುಂದೆ ಆಯುಷ್ಯ ಕಳೆದವನು ನಾನು. ಒಬ್ಬರ ಜಮೆ ಇನ್ನೊಬ್ಬರ ಖಾತೆಗೆ ಹೋಗಿದ್ದರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಈ ಊಟದಲ್ಲಿ ಅಂಥದ್ದು ಬಹಳ ಇದೆ.

ಮೇಜಿನ ನಡುವೆ ಇಡಿಯಾಗಿ ಬೇಯಿಸಿದ ಟರ್ಕಿ ಕೋಳಿ. ಜೊತೆಗೆ ಬ್ರೆಡ್ಡಿನ ತುಂಡು, ಈರುಳ್ಳಿ ಸೇರಿಸಿ ಮಾಡಿದ ಸ್ಟಫಿಂಗ್, ಬೆಣ್ಣೆ ಹಾಕಿ ನುರಿದ ಬಟಾಟೆ, ಸಿಹಿಗೆಣಸು, ಬೀನ್ಸ್, ಕ್ರ್ಯಾನ್‌ಬೆರಿ ಎಂಬ ಸಣ್ಣ ಕೆಂಪು ಹಣ್ಣಿನ ಸಾಸ್. ನಮ್ಮ ಕರಂಡೆಯ ಹಾಗೆ ಅದು ಹುಳಿ ಹಣ್ಣು. ಕೊನೆಗೆ ಸಿಹಿಗುಂಬಳದ ಪೈ, ಅಂದರೆ ಹಿಟ್ಟಿನ ತಟ್ಟೆಯೊಳಗೆ ಕುಂಬಳದ ಸಿಹಿ ತುಂಬಿ ಬೇಯಿಸಿದ್ದು. ತಯಾರಿ ವಾರದ ಮೊದಲೇ ಶುರು. ಮಂಜುಗಟ್ಟಿದ ಕೋಳಿಯನ್ನು ಫ್ರಿಜ್ಜಿನಲ್ಲಿ ಇಟ್ಟು ಕರಗಿಸಲು ಪ್ರತಿ 4-5 ಪೌಂಡಿಗೆ ಒಂದು ದಿನ ಬೇಕಂತೆ. 16 ಪೌಂಡಿನ, ಅಂದರೆ 7 ಕಿಲೋ ಮೀರಿದ ಕೋಳಿಯಾದರೆ ಗುರುವಾರದ ಊಟಕ್ಕೆ ಭಾನುವಾರವೇ ಹೊರಗೆ ತೆಗೆಯಬೇಕು. ಮರೆತವರ ಪಾಡು ಕೇಳಬೇಡಿ. ಹೀಗೆ ಪೇಚಿಗೆ ಸಿಕ್ಕಿದವರಿಗಾಗಿ ಬಟರ್‌ಬಾಲ್ ಎಂಬ ಕೋಳಿ ಮಾರುವ ಕಂಪೆನಿ 1981ರಲ್ಲಿ ಒಂದು ಟೆಲಿಫೋನು ಸೇವೆಯನ್ನೇ ತೆರೆಯಿತು.

ಈಗ ಕೋಳಿಯ ಹೆಸರು ನೋಡಿ. ಇದು ಅಮೆರಿಕ ಖಂಡದ ಹಕ್ಕಿ. ಮೆಕ್ಸಿಕೋದ ಜನ ಪಳಗಿಸಿದ್ದು. ಹದಿನಾರನೆಯ ಶತಮಾನದ ಆರಂಭದಲ್ಲಿ ಸ್ಪೇನಿನವರು ಯುರೋಪಿಗೆ ಒಯ್ದರು. ಇಂಗ್ಲಿಷರು ಅದನ್ನು ಟರ್ಕಿ ದೇಶದ್ದೆಂದರು. ಟರ್ಕಿಯವರು ‘ಹಿಂದಿ’ ಎಂದರು, ಅಂದರೆ ಹಿಂದೂಸ್ಥಾನದ್ದು. ಡಚ್ಚರಂತೂ ‘ಕಾಲ್ಕೂನ್’ ಎಂದು ಕರೆದರು. ಆ ಪದದ ಮೂಲ ಯಾವುದು ಗೊತ್ತೇ? ಕ್ಯಾಲಿಕಟ್! ಮಲಯಾಳದಲ್ಲಿ ಕೋಝಿಕ್ಕೋಡ್, ಕನ್ನಡದಲ್ಲಿ ಕಲ್ಲಿಕೋಟೆ. ನಮ್ಮ ಕಾಸರಗೋಡಿನಿಂದ ರೈಲು ಹತ್ತಿದರೆ ಸುಮಾರು ಮೂರು ಗಂಟೆಯ ದಾರಿ. ಆ ಹಕ್ಕಿಗೂ ಕಲ್ಲಿಕೋಟೆಗೂ ಹುಟ್ಟಿನ ಸಂಬಂಧವೇ ಇಲ್ಲ. ಹೊಸ ಖಂಡವನ್ನೂ ‘ಇಂಡೀಸ್’ ಎಂದು ಕರೆದ ಕಾಲದ ಗೊಂದಲ ಅದು. ಇತರರನ್ನು ನೋಡಿ ನಾವೂ ನಗುವಂತಿಲ್ಲ. ಸಿಹಿಗುಂಬಳ ಕೂಡ ಅಮೆರಿಕದಿಂದಲೇ ಬಂದದ್ದು, ನಮ್ಮ ಕಡೆ ಅದನ್ನು ಚೀನಿಕಾಯಿ ಅನ್ನುತ್ತೇವೆ.

ಭಾರತಕ್ಕೆ ಈ ಕೋಳಿ ಬಂದದ್ದೂ ಸ್ವಾರಸ್ಯವೇ. 1612ರಲ್ಲಿ ಮುಕರ್ರಬ್ ಖಾನ್ ಎಂಬ ಅಧಿಕಾರಿ ಪೋರ್ಚುಗೀಸರ ಗೋವೆಯಿಂದ ಕೆಲವು ಅಪರೂಪದ ಪ್ರಾಣಿಪಕ್ಷಿಗಳನ್ನು ಜಹಾಂಗೀರ್ ಬಾದಶಹನಿಗೆ ತಂದುಕೊಟ್ಟ. ಅವುಗಳಲ್ಲಿ ಟರ್ಕಿಯೂ ಇತ್ತು. ಅದರ ಕುತ್ತಿಗೆ ಊಸರವಳ್ಳಿಯಂತೆ ಬಣ್ಣ ಬದಲಿಸುವುದನ್ನು ಕಂಡು ಬಾದಶಹ ಬೆರಗಾಗಿ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟ. ಚಿತ್ರವನ್ನೂ ಬರೆಸಿದ. ಮನ್ಸೂರನು ಬರೆದ ಟರ್ಕಿಯ ಚಿತ್ರ ಲಂಡನ್ನಿನ ಮ್ಯೂಸಿಯಮ್ಮಿನಲ್ಲಿ ಇದೆ. ಅಮೆರಿಕದವರು ತಮ್ಮ ‘ಮೊದಲ ಊಟ’ ಎನ್ನುವುದು ನಡೆದದ್ದು ಇದಾಗಿ ಒಂಬತ್ತು ವರ್ಷದ ಮೇಲೆ.

ಆ ಊಟದ ಸಂಗತಿ ಹೀಗೆ. 1620ರಲ್ಲಿ ಮೇಫ್ಲವರ್ ಎಂಬ ಹಡಗಿನಲ್ಲಿ ಇಂಗ್ಲೆಂಡಿನಿಂದ 102 ಮಂದಿ ಹೊರಟು ಈಗಿನ ಮ್ಯಾಸಚೂಸೆಟ್ಸ್ ರಾಜ್ಯದ ಪ್ಲಿಮತ್ತಿನಲ್ಲಿ ಇಳಿದರು. ಮೊದಲ ಚಳಿಗಾಲದಲ್ಲೇ ಅರ್ಧದಷ್ಟು ಜನ ಸತ್ತರು. ಉಳಿದವರಿಗೆ ಮುಸುಕಿನ ಜೋಳ ಬಿತ್ತುವುದನ್ನೂ ಮೀನಿನ ಗೊಬ್ಬರ ಹಾಕುವುದನ್ನೂ ಕಲಿಸಿದವನು ಟಿಸ್ಕ್ವಾಂಟಮ್ ಎಂಬ ಅಲ್ಲಿಯ ಮೂಲನಿವಾಸಿ. ಅವನಿಗೆ ಇಂಗ್ಲಿಷ್ ಬರುತ್ತಿತ್ತು. ಹೇಗೆ? 1614ರಲ್ಲಿ ಒಬ್ಬ ಇಂಗ್ಲಿಷ್ ಕಪ್ತಾನ ಅವನನ್ನು ಹಿಡಿದು ಸ್ಪೇನಿಗೆ ಮಾರಲು ಒಯ್ದಿದ್ದ. ಅಲ್ಲಿಂದ ಹೇಗೋ ಲಂಡನ್ ಸೇರಿ, 1619ರಲ್ಲಿ ಊರಿಗೆ ಮರಳಿದರೆ ಊರೇ ಇಲ್ಲ. ಸಾಂಕ್ರಾಮಿಕ ರೋಗದಲ್ಲಿ ಅವನ ಜನರೆಲ್ಲ ಅಳಿದುಹೋಗಿದ್ದರು. ಆ ಬರಿದಾದ ಊರಿನ ಜಾಗದಲ್ಲೇ ಇಂಗ್ಲಿಷರು ಮನೆ ಕಟ್ಟಿದ್ದು. ಎರಡು ಭಾಷೆ ಬಲ್ಲವನ ಬಾಳು ಗಡಿನಾಡಿನ ನಮಗೆ ಹೊಸತಲ್ಲ. ಆದರೆ ಆ ಎರಡನೆಯ ಭಾಷೆಗೆ ಅವನು ತೆತ್ತ ಬೆಲೆ ನಮ್ಮ ಯಾರ ಮೇಲೂ ಬಿದ್ದದ್ದಲ್ಲ.

1621ರಲ್ಲಿ 20 ಎಕರೆ ಜೋಳ ಚೆನ್ನಾಗಿ ಬಂತು. ಇಂಗ್ಲೆಂಡಿನಿಂದ ತಂದ ಬೀಜದ ಬಾರ್ಲಿ ಸುಮಾರು, ಬಟಾಣಿ ಕೊಯ್ಯಲಿಕ್ಕೂ ಯೋಗ್ಯವಾಗಲಿಲ್ಲ. ಆ ಶರತ್ಕಾಲದಲ್ಲಿ ಮೂರು ದಿನ ಔತಣ. ವಾಂಪನೊವಾಗ್ ಜನಾಂಗದ ಮುಖ್ಯಸ್ಥ ಮ್ಯಾಸಸೊಯ್ಟ್ 90 ಮಂದಿಯೊಂದಿಗೆ ಬಂದ. ಅವರು 5 ಜಿಂಕೆ ಬೇಟೆಯಾಡಿ ತಂದುಕೊಟ್ಟರು. ಇಂಗ್ಲಿಷರು ಇದ್ದದ್ದು ಐವತ್ತರಷ್ಟು. ಇದಿಷ್ಟನ್ನೂ ಎಡ್ವರ್ಡ್ ವಿನ್ಸ್‌ಲೊ ಎಂಬವನು ಕಾಗದದಲ್ಲಿ ಬರೆದಿದ್ದಾನೆ. ಹಕ್ಕಿಗಳನ್ನು ಹೊಡೆದು ತಂದದ್ದನ್ನೂ ಹೇಳುತ್ತಾನೆ. ಟರ್ಕಿ ಎಂಬ ಹೆಸರಿಲ್ಲ. ಬಟಾಟೆ ಆ ಸೀಮೆಗೆ ಇನ್ನೂ ಬಂದಿರಲಿಲ್ಲ. ಪೈ ಮಾಡಲು ಗೋಧಿಹಿಟ್ಟು ಬೆಣ್ಣೆ ಎಲ್ಲಿಂದ ಬರಬೇಕು?

ಸ್ನೇಹ ಹೆಚ್ಚು ಕಾಲ ಉಳಿಯಲಿಲ್ಲ. 1675-76ರ ಯುದ್ಧದಲ್ಲಿ ಮ್ಯಾಸಸೊಯ್ಟನ ಮಗ ಮೆಟಕಾಮ್ ಸತ್ತ. ಅವನ ತಲೆಯನ್ನು ಪ್ಲಿಮತ್ತಿನಲ್ಲಿ ಕಂಬಕ್ಕೆ ಸಿಕ್ಕಿಸಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಇಟ್ಟರು. ತಂದೆ ಕೂತು ಉಂಡ ಊರಿನಲ್ಲಿ.

ಹಾಗಾದರೆ ಈಗಿನ ಊಟದ ಪಟ್ಟಿ ಬರೆದವರು ಯಾರು? ಬಹುಪಾಲು ಒಬ್ಬ ಹೆಂಗಸು. ಸಾರಾ ಜೊಸೆಫಾ ಹೇಲ್. ಮೇರಿಯ ಕುರಿಮರಿಯ ಶಿಶುಗೀತೆ ಬರೆದವಳು. ಆ ಹಾಡು ನಮ್ಮ ಮೊಮ್ಮಕ್ಕಳಿಗೂ ಬಾಯಿಪಾಠ. 1827ರ ತನ್ನ ಕಾದಂಬರಿಯಲ್ಲಿ ಆಕೆ ಟರ್ಕಿ, ಕುಂಬಳದ ಪೈ ಎಲ್ಲ ಜೋಡಿಸಿ ಒಂದು ಔತಣವನ್ನು ವರ್ಣಿಸಿದಳು. ಮಹಿಳೆಯರ ಪತ್ರಿಕೆಯೊಂದರ ಸಂಪಾದಕಿಯಾಗಿ ವರ್ಷ ವರ್ಷ ಬರೆದಳು, ಗವರ್ನರರಿಗೆ ಬರೆದಳು, ಅಧ್ಯಕ್ಷರಿಗೆ ಬರೆದಳು. ಅಂತರ್ಯುದ್ಧದ ನಡುವೆ, 1863ರಲ್ಲಿ, ಅಬ್ರಹಾಂ ಲಿಂಕನ್ ನವೆಂಬರಿನ ಕೊನೆಯ ಗುರುವಾರವನ್ನು ದೇಶದ ಹಬ್ಬವೆಂದು ಸಾರಿದ. 1939ರಲ್ಲಿ ವ್ಯಾಪಾರಿಗಳ ಒತ್ತಾಯಕ್ಕೆ ರೂಸ್‌ವೆಲ್ಟ್ ಅದನ್ನು ಒಂದು ವಾರ ಮೊದಲಿಗೆ ತಂದು ಗಲಾಟೆಯಾಯಿತು. 1941ರ ಕಾನೂನು ನಾಲ್ಕನೆಯ ಗುರುವಾರವೆಂದು ಗಟ್ಟಿ ಮಾಡಿತು. ಮಿಕ್ಕದ್ದನ್ನು ಡಬ್ಬಿ ಕಂಪೆನಿಗಳು ತುಂಬಿದವು. ‘ಅಜ್ಜಿಯ ಕಾಲದ್ದು’ ಎಂದು ಮಾಡುವ ಬೀನ್ಸ್ ಪಲ್ಯ 1955ರಲ್ಲಿ ಕ್ಯಾಂಬೆಲ್ ಸೂಪ್ ಕಂಪೆನಿಯ ಅಡುಗೆಕೋಣೆಯಲ್ಲಿ ಡಾರ್ಕಸ್ ರೈಲಿ ಎಂಬಾಕೆ, ಸೂಪಿನ ಡಬ್ಬಿ ಖರ್ಚಾಗಲೆಂದು, ಕಟ್ಟಿದ್ದು. ರುಚಿಗೆ ಏನೂ ಕೊರತೆ ಇಲ್ಲವಂತೆ, ಅದು ಬೇರೆ ಮಾತು.

ಬಂದವರೆಲ್ಲ ತಮ್ಮದೊಂದು ಪಾತ್ರೆ ಸೇರಿಸಿದ್ದಾರೆ. ಇಟಲಿ ಮೂಲದವರ ಮನೆಯಲ್ಲಿ ಲಸಾನ್ಯ, ಆಫ್ರಿಕಾ ಮೂಲದವರಲ್ಲಿ ಸಿಹಿಗೆಣಸಿನ ಪೈ. ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿಯ ಮಗಳದ್ದು ಸಸ್ಯಾಹಾರದ ಮನೆ. “ಮಾವ, ನಮ್ಮದು ಚೀನಿಕಾಯಿ ಹುಳಿ, ಕ್ರ್ಯಾನ್‌ಬೆರಿಗೆ ಬೆಲ್ಲ ಹಾಕಿ ಗೊಜ್ಜು, ಪೈ ಮಾತ್ರ ಪಕ್ಕದ ಮನೆಯವರು ತರುತ್ತಾರೆ” ಎಂದಳು. ಕೇಳಿ ಸಂತೋಷವಾಯಿತು.

ಅದೇ ಗುರುವಾರ ಪ್ಲಿಮತ್ತಿನಲ್ಲಿ ಇನ್ನೊಂದು ಕೂಟ ನಡೆಯುತ್ತದೆ. 1970ರಲ್ಲಿ, ಹಡಗು ಬಂದು 350 ವರ್ಷವಾದ ಸಮಾರಂಭಕ್ಕೆ ವಾಂಪನೊವಾಗ್ ಜನಾಂಗದ ಫ್ರಾಂಕ್ ಜೇಮ್ಸ್ ಎಂಬವರನ್ನು ಭಾಷಣಕ್ಕೆ ಕರೆದಿದ್ದರು. ಬರೆದ ಭಾಷಣವನ್ನು ಮೊದಲೇ ಓದಿ ನೋಡಿದ ಸಂಘಟಕರು ಅದು ಬೇಡ, ಬೇರೆ ಬರೆದುಕೊಡುತ್ತೇವೆ ಎಂದರು. ಅವರು ಒಪ್ಪಲಿಲ್ಲ. ಹಬ್ಬದ ದಿನ ಕೋಲ್ಸ್ ಹಿಲ್ ಎಂಬ ಗುಡ್ಡದ ಮೇಲೆ, ಮ್ಯಾಸಸೊಯ್ಟನ ಪ್ರತಿಮೆಯ ಬಳಿ, ತಮ್ಮ ಜನರೊಂದಿಗೆ ಸೇರಿದರು. ಅಂದಿನಿಂದ ಅಲ್ಲಿ ವರ್ಷವೂ ಶೋಕದಿನ. ಕೆಲವರು ಹಿಂದಿನ ಸಂಜೆಯಿಂದಲೇ ಉಪವಾಸ ಇದ್ದು, ಕೂಟ ಮುಗಿದ ಮೇಲೆ ಎಲ್ಲರೊಂದಿಗೆ ಉಣ್ಣುತ್ತಾರೆ. 1998ರ ಒಪ್ಪಂದದಂತೆ ಪ್ಲಿಮತ್ ಊರಿನವರು ಆ ಗುಡ್ಡದ ಮೇಲೆ ಶೋಕದಿನದ ಕಾರಣ ತಿಳಿಸುವ ಒಂದು ಫಲಕ ಹಾಕಿಸಿದ್ದಾರೆ.